ಪೊರಕೆ ಕೆಮ್ಮು

ವ್ಯಾಕ್ಯೂಮ್ ಕ್ಲೀನರ್ ಒಂದನ್ನು ಕೊಳ್ಳಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಪಿಎಚ್‌ಡಿ ಮಾಡುವವರಿಗೆ ಅಂಟುವ ರೋಗವಿದು. ಕೊತ್ತಂಬರಿ ಸೊಪ್ಪು ತಾ ಎಂದರೂ ಈವರೆಗಿನ ಅಧ್ಯಯನಗಳ ಸಮೀಕ್ಷೆ ಮುಗಿಸಿಯೇ ನಾವು ಚೀಲ ಕೈಗೆತ್ತಿಕೊಳ್ಳುವುದು. ಲ್ಯಾಪ್‌ಟಾಪಿನಲ್ಲಿ 'ಅಧ್ಯಾಯ 3' ಎಂಬ ಫೈಲಿನ ಪಕ್ಕದಲ್ಲೇ 'ಧೂಳು' ಎಂಬ ಇನ್ನೊಂದು ಫೈಲು ಹುಟ್ಟಿಕೊಂಡಿತು. ಆ ನಾಲ್ಕು ತಿಂಗಳಲ್ಲಿ ಅಧ್ಯಾಯ ಆರು ಪುಟ ಬೆಳೆಯಿತು. ಧೂಳು ಇಪ್ಪತ್ತೆರಡು ಪುಟ ದಾಟಿತು.

ಅಮ್ಮನಿಗೆ ಆಸ್ತಮಾ ಇದೆ. ನಾನು ಹುಟ್ಟುವ ಮೊದಲಿನಿಂದಲೂ ಇದೆ. ನಮ್ಮ ಮನೆಯಲ್ಲಿ ಅದಕ್ಕೆ ಆ ಹೆಸರು ಬಂದದ್ದು ಮಾತ್ರ ಇತ್ತೀಚೆಗೆ. ಮೊದಲು 'ಉಬ್ಬಸ' ಎನ್ನುತ್ತಿದ್ದರು. ಅದಕ್ಕೂ ಮುಂಚೆ 'ನೆಗಡಿ ಎದೆಗೆ ಇಳಿದಿದೆ' ಎನ್ನುತ್ತಿದ್ದರು. ಅಜ್ಜಿಯೊಮ್ಮೆ ಜೂನ್ ತಿಂಗಳಲ್ಲಿ ಹೈದರಾಬಾದಿಗೆ ಕರೆದುಕೊಂಡು ಹೋಗಿ ಮೀನಿನ ಔಷಧ ನುಂಗಿಸಿಕೊಂಡು ಬಂದಿದ್ದರಂತೆ. ಆ ಕಥೆ ಹೇಳುವಾಗ ಅಮ್ಮ ಈಗಲೂ ಗಂಟಲು ಮುಟ್ಟಿಕೊಳ್ಳುತ್ತಾಳೆ. ಇನ್‌ಹೇಲರ್ ಬಂದದ್ದು ಆಮೇಲೆ. ಅದೂ ಸೀರೆಗಳ ಹಿಂದೆ ಅಡಗಿ ಕೂತಿರುತ್ತಿತ್ತು. 'ಅದನ್ನ ಎಳೆಯೋಕೆ ಶುರು ಮಾಡಿದ್ರೆ ಬಿಡೋಕಾಗಲ್ಲ' ಎಂಬುದು ಅವಳ ನಂಬಿಕೆ.

ಹೋದ ಕಾರ್ತಿಕದಲ್ಲಿ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗಿಬಂದ ಮರುರಾತ್ರಿ ಅಮ್ಮ ಹಾಸಿಗೆಯಲ್ಲಿ ಎದ್ದು ಕೂತಿದ್ದಳು. ಎರಡೂ ಕೈಗಳನ್ನು ಮೊಣಕಾಲಿನ ಮೇಲೆ ಊರಿಕೊಂಡಿದ್ದಳು. ಮಾತಾಡಿಸಿದರೆ ಒಂದು ಉಸಿರಿಗೆ ಒಂದೇ ಪದ. ಆಟೋ ಹಿಡಿದು ಹತ್ತಿರದ ನರ್ಸಿಂಗ್ ಹೋಮಿಗೆ ಕರೆದೊಯ್ದೆ. ನೆಬ್ಯುಲೈಜರಿನ ಮುಖವಾಡದೊಳಗಿಂದ ಅವಳು ಹೇಳಿದ ಮೊದಲ ಪೂರ್ತಿ ವಾಕ್ಯ: 'ಪರಿಷೆ ಧೂಳು ಕಣೋ, ಇನ್ನೇನಿಲ್ಲ.'

ಧೂಳು ಪರಿಷೆಯದಾಗಿರಲಿಲ್ಲ. ಮೂರು ವಾರ ಕಳೆದು ಅಲರ್ಜಿ ಪರೀಕ್ಷೆ ಮಾಡಿಸಿದೆವು. ಮುಂಗೈ ಮೇಲೆ ಪೆನ್ನಿನಲ್ಲಿ ಗುರುತು ಹಾಕಿ, ಒಂದೊಂದು ದ್ರಾವಣದ ಹನಿ ಇಟ್ಟು, ಅದರ ಮೇಲೆ ಸೂಜಿ ಸೋಕಿಸಿ ಕಾಲು ಗಂಟೆ ಕಾಯುತ್ತಾರೆ. ಮೂರು ಮಿಲಿಮೀಟರಿಗಿಂತ ದೊಡ್ಡ ಗುಳ್ಳೆ ಎದ್ದರೆ ಆ ವಸ್ತುವಿನ ಮೇಲೆ ಮೈ ಸಿಟ್ಟಾಗಿದೆ ಎಂದರ್ಥ. ಪಾರ್ಥೇನಿಯಂ ಎದುರು ಒಂದು ಸಣ್ಣ ಗುಳ್ಳೆ ಎದ್ದಿತು. ಜಿರಲೆಯ ಎದುರು ಇನ್ನೊಂದು. ಮನೆಧೂಳಿನ ನುಸಿಯ ಎದುರು ಕಡಲೆಕಾಳಿನಷ್ಟು ದಪ್ಪದ್ದು. ಅಮ್ಮ ಅದನ್ನು ಬೆರಗಿನಿಂದ ನೋಡುತ್ತಿದ್ದಳು.

ಡಾಕ್ಟರು ಕೇಳಿದರು: 'ನೀವು ಮಲಗೋ ರೂಮಲ್ಲಿ ಏನೇನಿದೆ?'

'ಏನಿಲ್ಲ ಡಾಕ್ಟ್ರೇ. ಒಂದು ಮಂಚ, ಒಂದು ಬೀರು' ಎಂದಳು ಅಮ್ಮ.

ನಾನು ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ಆ ರೂಮಿನಲ್ಲಿ ಅಮ್ಮನ ತಲೆದಿಂಬಿನ ಮೇಲ್ಗಡೆಗೆ ಐದು ಅಂಕಣದ ಕಬ್ಬಿಣದ ರ್‍ಯಾಕು ಇದೆ. ಅದರ ತುಂಬ ನನ್ನ ಸಂಶೋಧನೆ ಇದೆ. ಅಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ನನ್ನ ವಿಷಯ ಇಪ್ಪತ್ತನೆಯ ಶತಮಾನದ ಮೊದಲರ್ಧದ ಕನ್ನಡ ಮಹಿಳಾ ಪತ್ರಿಕೆಗಳು. ನಂಜನಗೂಡು ತಿರುಮಲಾಂಬ ಅವರ 'ಕರ್ನಾಟಕ ನಂದಿನಿ', ಆರ್. ಕಲ್ಯಾಣಮ್ಮ 1921ರಲ್ಲಿ ಆರಂಭಿಸಿ ನಾಲ್ಕು ದಶಕ ನಡೆಸಿದ 'ಸರಸ್ವತಿ', ಇಂಥವು. ಕಲ್ಯಾಣಮ್ಮ ಕಟ್ಟಿದ ಮಕ್ಕಳ ಕೂಟ ಚಾಮರಾಜಪೇಟೆಯ ನಮ್ಮ ಬಾಡಿಗೆ ಮನೆಯಿಂದ ನಡೆದು ಹೋಗುವಷ್ಟು ದೂರ. ಕನ್ನಡ ಸಾಹಿತ್ಯ ಪರಿಷತ್ತೂ ಅಷ್ಟೇ. ಅವೆನ್ಯೂ ರಸ್ತೆಯ ಹಳೇ ಪುಸ್ತಕದವರಲ್ಲಿ ಯಾವುದಾದರೂ ಹಳೆಯ ಪತ್ರಿಕೆಯ ಬಿಡಿ ಸಂಚಿಕೆ ಸಿಕ್ಕಿದರೆ ಚೀಲಕ್ಕೆ ತುಂಬಿಕೊಂಡು ಬಂದು ಆ ರ್‍ಯಾಕಿಗೆ ಸೇರಿಸುವುದು ನನ್ನ ಅಭ್ಯಾಸ. ಆ ಪುಟಗಳನ್ನು ಮುಟ್ಟಿದರೆ ಅಂಚು ಪುಡಿಯಾಗಿ ಉದುರುತ್ತದೆ. ಉದುರುತ್ತಿದ್ದುದು ಅಮ್ಮನ ದಿಂಬಿನ ಮೇಲೆ. ಮಹಿಳೆಯರ ಆರೋಗ್ಯ, ಮನೆಯ ಶುಚಿತ್ವ ಎಂದು ಟಿಪ್ಪಣಿ ಮಾಡಿಕೊಳ್ಳುತ್ತಿದ್ದ ನಾನು ಇಪ್ಪತ್ತೆಂಟು ವರ್ಷದಲ್ಲಿ ಒಂದು ದಿನವೂ ಪೊರಕೆ ಹಿಡಿದವನಲ್ಲ.

ಡಾಕ್ಟರು ಔಷಧಿಯ ಚೀಟಿಯ ಕೆಳಗೆ ಎರಡು ಸಾಲು ಸೇರಿಸಿದ್ದರು. ಇನ್‌ಹೇಲರನ್ನು ದಿನಾ ತೆಗೆದುಕೊಳ್ಳುವುದು, ಸರಿಹೋಗಿದೆ ಅನ್ನಿಸಿದರೂ ಬಿಡಬಾರದು. ಮನೆಯಲ್ಲಿ ಧೂಳು ಏಳದಂತೆ ನೋಡಿಕೊಳ್ಳುವುದು, ಸಾಧ್ಯವಾದರೆ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಕ್ಲೀನರ್. ಮೊದಲನೆಯದು ಅಮ್ಮನ ಪಾಲಿನದು. ಎರಡನೆಯದನ್ನು ನಾನು ವಹಿಸಿಕೊಂಡೆ. ಪುಸ್ತಕದ ರ್‍ಯಾಕು ಸರಿಸುವುದಕ್ಕಿಂತ ಯಂತ್ರದ ಸಂಶೋಧನೆಗೆ ಇಳಿಯುವುದು ನನಗೆ ಸುಲಭವಾಗಿತ್ತು ಎಂದು ಈಗ ಅನ್ನಿಸುತ್ತದೆ.

ನಮ್ಮದು ಹಳೆಯ ಕಾಲದ ಮನೆ. ಕೆಂಪು ರೆಡ್ ಆಕ್ಸೈಡ್ ನೆಲ, ಎತ್ತರದ ಸೂರು, ದಪ್ಪ ಹೊಸ್ತಿಲುಗಳು, ಹಿಂದೆ ಒಂದು ಸಣ್ಣ ಗಲ್ಲಿ. ಚಾಮರಾಜಪೇಟೆ 1892ರ ಬಡಾವಣೆ. ಆರು ವರ್ಷದ ನಂತರ, 1898ರಲ್ಲಿ, ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟು ಓಣಿಗಳಿಂದ ಜನ ಹೊರಗೆ ಬಂದರು. ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ನೇರ ರಸ್ತೆ, ಮನೆಗಳ ನಡುವೆ ಜಾಗ, ಗಾಳಿ ಬೆಳಕು, ಇವು ಆ ಬಡಾವಣೆಗಳ ಲೆಕ್ಕಾಚಾರ. ಜನ ಉಸಿರಾಡಲಿ ಎಂದು ಕಟ್ಟಿದ ಊರಿನ ಭಾಗಗಳಿವು. ನೂರು ವರ್ಷ ಕಳೆಯುವಷ್ಟರಲ್ಲಿ ಲೆಕ್ಕ ತಿರುಗಿಬಿದ್ದಿತು. ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ಬೆಂಗಳೂರಿನಲ್ಲಿ ಆಸ್ಪತ್ರೆಗೆ ಬಂದ ಇಪ್ಪತ್ತು ಸಾವಿರ ಮಕ್ಕಳನ್ನು ಎರಡು ದಶಕಗಳ ಕಾಲ ಗಮನಿಸಿದ್ದರು. 1979ರಲ್ಲಿ ಅವರಲ್ಲಿ ಶೇ 9ರಷ್ಟು ಮಕ್ಕಳಿಗೆ ಆಸ್ತಮಾ ಇತ್ತು, 1999ರಲ್ಲಿ ಶೇ 29.5ರಷ್ಟು ಮಕ್ಕಳಿಗೆ. ಈ ಅಂಕಿ ನನ್ನ 'ಧೂಳು' ಫೈಲಿನ ಮೊದಲ ಪುಟದಲ್ಲಿದೆ.

ಎರಡನೆಯ ಪುಟದಲ್ಲಿ ನುಸಿ ಇದೆ. ಮನೆಧೂಳಿನಿಂದ ಬರುವ ಅಲರ್ಜಿಗೆ ಇದೇ ಮೂಲವೆಂದು ನೆದರ್‌ಲ್ಯಾಂಡ್ಸಿನ ಲೈಡನ್ ಊರಿನ ಸಂಶೋಧಕರು ಹೇಳಿದ್ದು 1964ರಲ್ಲಿ. ಅದರ ಉದ್ದ ಮಿಲಿಮೀಟರಿನ ಮೂರನೇ ಒಂದು ಭಾಗ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ಅದರ ಊಟ. ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರುತ್ತದೆ. ನಮ್ಮ ಹಾಸಿಗೆಯಲ್ಲಿ ಅದಕ್ಕೆ ಊಟವೂ ಉಂಟು, ತೇವವೂ ಉಂಟು. ತೊಂದರೆ ಕೊಡುವುದು ಮುಖ್ಯವಾಗಿ ಅದರ ಹಿಕ್ಕೆ. ಆ ಹಿಕ್ಕೆ ಮಾತ್ರ ಒಂದು ವಿಷಯದಲ್ಲಿ ಸಭ್ಯವಾದದ್ದು. ತೂಕ ಇರುವುದರಿಂದ ತಾನಾಗಿ ಗಾಳಿಯಲ್ಲಿ ತೇಲಾಡುವುದಿಲ್ಲ, ತಣ್ಣಗೆ ಕೆಳಗೆ ಕೂತಿರುತ್ತದೆ. ಯಾರಾದರೂ ಹಾಸಿಗೆ ಕೊಡವಿದರೆ, ನೆಲ ಗುಡಿಸಿದರೆ ಮಾತ್ರ ಮೇಲೇಳುತ್ತದೆ. ಮತ್ತೆ ಕೆಳಗಿಳಿಯಲು ಅರ್ಧ ಗಂಟೆ ಬೇಕು.

ಅಂದರೆ ನಮ್ಮ ಮನೆಯಲ್ಲಿ ಬೆಳಿಗ್ಗೆ ಏಳೂವರೆಗೆ ಅದು ಏಳುತ್ತಿತ್ತು. ಗವಿಪುರದ ಕಡೆಯಿಂದ ಬರುವ ಅಕ್ಕ ಪೊರಕೆ ಹಿಡಿಯುವ ಹೊತ್ತು ಅದೇ. ದೀಪ ಹಚ್ಚಿದ ಮೇಲೆ ಕಸ ಗುಡಿಸಬಾರದು, ಪೊರಕೆಯನ್ನು ಕಾಲಲ್ಲಿ ಒದೆಯಬಾರದು ಎಂಬ ಶಾಸ್ತ್ರಗಳೆಲ್ಲ ನಮ್ಮಲ್ಲಿವೆ. ಗುಡಿಸುವಾಗ ಆ ಜಾಗದಲ್ಲಿ ಯಾರು ಕೂತಿರಬಾರದು ಎಂಬ ಶಾಸ್ತ್ರ ಇಲ್ಲ. ಅಮ್ಮ ಅಲ್ಲೇ ಮಂಚದ ಮೇಲೆ ಕೂತು 'ಬೀರುವಿನ ಕೆಳಗೆ ಬಂದಿಲ್ಲ ನೋಡು' ಎನ್ನುತ್ತಿದ್ದಳು.

ಯಂತ್ರ ನೋಡಲು ಮೊದಲು ಹೋದ ಅಂಗಡಿಯಲ್ಲಿ ಹುಡುಗ ಕೇಳಿದ: 'ಸಾರ್, ಎಷ್ಟು ಕಾರ್ಪೆಟ್ ಇದೆ?' ಇಲ್ಲ ಎಂದೆ. ಅವನಿಗೆ ನಿರಾಸೆಯಾಯಿತು. ನೆಲದ ಮೇಲೆ ಮೈದಾ ಚೆಲ್ಲಿ ಎಳೆದು ತೋರಿಸಿದ. ವ್ಯಾಟ್ ಹೇಳಿದ, ಪಾಸ್ಕಲ್ ಹೇಳಿದ. ಮನೆಗೆ ಬಂದು ಓದಿದರೆ, ವ್ಯಾಟ್ ಎಂದರೆ ಯಂತ್ರ ತಿನ್ನುವ ಕರೆಂಟು; ಅದು ಮಾಡುವ ಕೆಲಸವಲ್ಲ. ಪಾಸ್ಕಲ್ ಎಳೆತದ ಅಳತೆ ಹೌದು, ಆದರೆ ಅಲರ್ಜಿ ಇರುವ ಮನೆಗೆ ಬೇಕಾದ ಮೊದಲ ಪ್ರಶ್ನೆ ಬೇರೆ. ಯಂತ್ರ ಧೂಳನ್ನು ಎಷ್ಟು ಜೋರಾಗಿ ಒಳಗೆ ಎಳೆಯುತ್ತದೆ ಎಂಬುದಕ್ಕಿಂತ, ಎಳೆದ ಗಾಳಿಯನ್ನು ಹಿಂದಿನಿಂದ ಹೊರಗೆ ಬಿಡುವಾಗ ಅದರಲ್ಲಿ ಏನು ಉಳಿದಿರುತ್ತದೆ?

ಈ ಪ್ರಶ್ನೆಗೆ ಉತ್ತರವೇ ಹೆಪಾ. 1940ರ ದಶಕದಲ್ಲಿ ಅಮೆರಿಕದ ಅಣುಬಾಂಬ್ ಯೋಜನೆಯಲ್ಲಿ ವಿಕಿರಣದ ಕಣಗಳನ್ನು ತಡೆಯಲು ರೂಪುಗೊಂಡ ಜಾಳಿಗೆಯಿದು. 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ 99.97ರಷ್ಟನ್ನು ಹಿಡಿಯಬೇಕು ಎಂಬುದು ಅದರ ಅಳತೆ. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರು. 0.3 ಎಂದೇ ಏಕೆ? ಅದಕ್ಕಿಂತ ದೊಡ್ಡವು ನಾರುಗಳಿಗೆ ಬಡಿದು ಸಿಕ್ಕಿಕೊಳ್ಳುತ್ತವೆ; ಅದಕ್ಕಿಂತ ಸಣ್ಣವು ಗಾಳಿಯ ಅಣುಗಳ ಹೊಡೆತಕ್ಕೆ ಅತ್ತಿತ್ತ ಅಲೆದಾಡಿ ಅಂಟಿಕೊಳ್ಳುತ್ತವೆ. ನಡುವಿನ ಈ ಗಾತ್ರವೇ ನುಸುಳುವುದರಲ್ಲಿ ಜಾಣ. ನುಸಿಯ ಹಿಕ್ಕೆ ಇಪ್ಪತ್ತು ಮೈಕ್ರಾನ್ ಆಸುಪಾಸಿನದು, ಜಾಳಿಗೆ ನೆಟ್ಟಗಿದ್ದರೆ ಸುಲಭವಾಗಿ ಸಿಗುತ್ತದೆ. ಆದರೆ ಎರಡು ಷರತ್ತುಗಳಿವೆ. ಡಬ್ಬಿಯ ಮೇಲೆ 'ಹೆಪಾ ಮಾದರಿ' ಎಂದು ಬರೆದಿದ್ದರೆ ಅದು ಹೆಪಾ ಅಲ್ಲ. ಹೆಪಾ ಇದ್ದರೂ, ಯಂತ್ರದ ಬೆಸುಗೆಯಲ್ಲಿ ಸಂದುಗಳಿದ್ದರೆ ಗಾಳಿ ಜಾಳಿಗೆಯ ತಂಟೆಗೆ ಹೋಗದೆ ಪಕ್ಕದಿಂದಲೇ ಹೊರಟುಹೋಗುತ್ತದೆ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ.

ರೋಬೋ ಯಂತ್ರಗಳ ಮೇಲೆ ನನಗೆ ಆಸೆಯಿತ್ತು. ಗೆಳೆಯನ ಫ್ಲ್ಯಾಟಿನಲ್ಲಿ ಅದು ಬೆಕ್ಕಿನಂತೆ ಓಡಾಡುವುದನ್ನು ಕಂಡಿದ್ದೆ. ನಮ್ಮ ಮನೆಯ ಹೊಸ್ತಿಲು ಅಳೆದೆ. ನಾಲ್ಕು ಇಂಚು. ರೋಬೋ ದಾಟುವುದು ಒಂದು ಇಂಚಿಗೂ ಕಡಿಮೆ. ಅಲ್ಲದೆ ನಮ್ಮ ತೊಂದರೆ ಇದ್ದದ್ದು ನೆಲದ ಮೇಲಲ್ಲ, ಮಂಚದ ಮೇಲೆ. ಅಲ್ಲಿಗೆ ಅದು ಹತ್ತುವುದಿಲ್ಲ.

ಹೀಗೆ ಹುಡುಕುತ್ತಿರುವಾಗಲೇ ಈ ಯಂತ್ರದ ಹುಟ್ಟಿನ ಕಥೆ ಸಿಕ್ಕಿತು. 1901ರಲ್ಲಿ ಲಂಡನ್ನಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್, ಧೂಳನ್ನು ಊದುವುದಕ್ಕಿಂತ ಹೀರುವುದು ಮೇಲು ಎಂದು ಯೋಚಿಸಿ, ಹೋಟೆಲೊಂದರ ಮೆತ್ತನೆಯ ಕುರ್ಚಿಗೆ ಬಾಯಿಟ್ಟು ಎಳೆದು ನೋಡಿದನಂತೆ. ಉಸಿರು ಕಟ್ಟುವಷ್ಟು ಕೆಮ್ಮು ಬಂತು, ಯೋಚನೆ ಸರಿ ಎಂದು ಖಾತ್ರಿಯಾಯಿತು. ಅವನ ಯಂತ್ರ ಕುದುರೆಗಾಡಿಯ ಮೇಲೆ ಬರುತ್ತಿತ್ತು. ಮನೆಯೊಳಗೆ ಕೈಯಲ್ಲಿ ಹಿಡಿದು ತಳ್ಳುವ ವಿದ್ಯುತ್ ಯಂತ್ರವನ್ನು ಮಾಡಿದವನು ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಅಮೆರಿಕದ ಒಹಾಯೊ ರಾಜ್ಯದ ಕ್ಯಾಂಟನ್ ಊರಿನ ಅಂಗಡಿಯೊಂದರಲ್ಲಿ ರಾತ್ರಿ ಹೊತ್ತು ಕಸ ಹೊಡೆಯುವ ಕೆಲಸ. ವಯಸ್ಸು ಅರವತ್ತರ ಹತ್ತಿರ. ಆಸ್ತಮಾ ಇತ್ತು. ತಾನು ಗುಡಿಸುವ ಕಾರ್ಪೆಟ್ಟಿನ ಧೂಳೇ ತನ್ನ ಕೆಮ್ಮಿಗೆ ಕಾರಣ ಎಂದು ಅವನಿಗೆ ಅನುಮಾನ ಬಂತು. ಫ್ಯಾನಿನ ಮೋಟಾರು, ಪೊರಕೆಯ ಹಿಡಿ, ಧೂಳು ತುಂಬಲು ದಿಂಬಿನ ಚೀಲ, ಇಷ್ಟನ್ನು ಜೋಡಿಸಿ ಯಂತ್ರ ಮಾಡಿಕೊಂಡ. 1908ರಲ್ಲಿ ಪೇಟೆಂಟ್ ಸಿಕ್ಕಿತು. ದೊಡ್ಡದಾಗಿ ಮಾರುವ ಶಕ್ತಿ ಇರಲಿಲ್ಲವಾಗಿ ಹಕ್ಕನ್ನು ಚರ್ಮದ ಸಾಮಾನಿನ ವ್ಯಾಪಾರಿ ಹೂವರ್‌ಗೆ ಮಾರಿದ. ಮುಂದೆ ಹೂವರ್ ಎಂಬ ಹೆಸರೇ ಇಂಗ್ಲಿಷಿನಲ್ಲಿ ಆ ಯಂತ್ರದ ಹೆಸರಾಯಿತು.

ಈ ಕಥೆಯನ್ನು ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತ ಅಮ್ಮನಿಗೆ ಹೇಳುತ್ತಿದ್ದೆ. ಅಕ್ಕ ಸೆರಗನ್ನು ಮೂಗಿಗೆ ಕಟ್ಟಿಕೊಂಡು ನಡುಮನೆ ಗುಡಿಸುತ್ತಿದ್ದರು. ಹೊಸ ಪೊರಕೆ. ಹುಲ್ಲಿನ ಪೊರಕೆ ಹೊಸದರಲ್ಲಿ ಕೆಲವು ದಿನ ತನ್ನದೇ ಹೂವಿನ ನವಿರು ಪುಡಿ ಉದುರಿಸುತ್ತದೆ. ಕಸ ತೆಗೆಯುವುದಕ್ಕಿಂತ ಹಾಕುವುದೇ ಹೆಚ್ಚು. ಅಕ್ಕ ಗುಡಿಸುವುದು ನಿಲ್ಲಿಸಿ ಕೇಳಿದರು:

'ಅವನಿಗೂ ಪೊರಕೆ ಕೆಮ್ಮು ಇತ್ತಾ?'

'ಪೊರಕೆ ಕೆಮ್ಮು ಅಂದ್ರೆ?'

'ಹೊಸಾದು ಹಿಡಿದಾಗ ಬರುತ್ತಲ್ಲ, ರಾತ್ರಿ ಹೊತ್ತು. ಎದೆ ಕುಂಯ್ ಅನ್ನುತ್ತೆ. ಪೊರಕೆ ಹಳೇದಾದ್ರೆ ಹೋಗುತ್ತೆ.' ಸ್ವಲ್ಪ ತಡೆದು, 'ಐದು ಮನೆ ನೋಡಿ, ಯಾರ ಮನೇಲಾದರೂ ಒಂದು ಹೊಸಾದು ಇದ್ದೇ ಇರುತ್ತೆ' ಎಂದರು.

ಎಂಟು ವರ್ಷದಿಂದ ಅವರು ನಮ್ಮ ಮನೆಗೆ ಬರುತ್ತಿದ್ದಾರೆ. ಅವರು ಕೆಮ್ಮುವುದನ್ನು ನಾನು ಕೇಳಿರಲಿಲ್ಲವೆಂದಲ್ಲ. ಕೇಳಿದ್ದೆ, ಅದು ಗುಡಿಸುವ ಸದ್ದಿನ ಭಾಗವೇ ಎಂದುಕೊಂಡಿದ್ದೆ. ಸ್ಪ್ಯಾಂಗ್ಲರ್ ಕಥೆಯನ್ನು ಅಷ್ಟು ಉತ್ಸಾಹದಿಂದ ಹೇಳುತ್ತಿದ್ದ ನನಗೆ, ಅದೇ ಕೆಲಸ ಅದೇ ಹೊತ್ತಿನಲ್ಲಿ ನಡುಮನೆಯಲ್ಲಿ ನಡೆಯುತ್ತಿರುವುದು ಕಂಡಿರಲಿಲ್ಲ.

ಅಕ್ಕ ಪೊರಕೆಯನ್ನು ಗೋಡೆಗೆ ಒರಗಿಸಿ ಇನ್ನೊಂದು ಮಾತು ಕೇಳಿದರು. 'ಮಿಷನ್ ಬಂದ್ರೆ ನಾನು ಬರೋದು ಬೇಡ್ವಾ?'

ಅಮ್ಮ ತಕ್ಷಣ 'ಅಯ್ಯೋ, ಹಾಗೇನಿಲ್ಲ' ಎಂದಳು. ಆದರೆ ನನ್ನ ಇಪ್ಪತ್ತೆರಡು ಪುಟದಲ್ಲಿ ಈ ಪ್ರಶ್ನೆ ಎಲ್ಲೂ ಇರಲಿಲ್ಲ. ಅಲ್ಲಿದ್ದ ಕೋಷ್ಟಕದಲ್ಲಿ ಬೆಲೆ, ತೂಕ, ಸದ್ದು, ಫಿಲ್ಟರು, ಚೀಲ ಎಂಬ ಅಂಕಣಗಳಿದ್ದವು. ಯಾರು ನಡೆಸುತ್ತಾರೆ ಎಂಬ ಅಂಕಣ ಇರಲಿಲ್ಲ. ಯಂತ್ರ ಬಂದರೆ ಅಕ್ಕನೇ ನಡೆಸುತ್ತಾರೆ, ತುಂಬಿದ ಡಬ್ಬಿಯನ್ನು ಅಕ್ಕನೇ ಹಿಂದಿನ ಗಲ್ಲಿಯಲ್ಲಿ ಕೊಡವಿ ಬರುತ್ತಾರೆ ಎಂದು ನಾನು ಕೇಳದೆಯೇ ತೀರ್ಮಾನಿಸಿಬಿಟ್ಟಿದ್ದೆ. ಅಮ್ಮನ ಎದೆಯಿಂದ ತೆಗೆದ ಧೂಳನ್ನು ಅವರ ಎದೆಗೆ ಕೊಡುವ ವ್ಯವಸ್ಥೆ ಅದು.

ಅಂದು ಸಂಜೆ ಕೂತು ಕೋಷ್ಟಕವನ್ನು ಮತ್ತೆ ಮಾಡಿದೆ. ಈಗ ಉತ್ತರ ಬೇಗ ಬಂತು. ಚೀಲವಿಲ್ಲದ, ಡಬ್ಬಿ ಕೊಡವುವ ಯಂತ್ರಗಳು ಬಿಟ್ಟುಹೋದವು, ಏಕೆಂದರೆ ಹಿಡಿದ ಧೂಳೆಲ್ಲ ಕೊಡವುವಾಗ ಮತ್ತೆ ಮುಖಕ್ಕೇ ಬರುತ್ತದೆ. ಬಾಯಿ ಮುಚ್ಚಿಕೊಳ್ಳುವ ಕಾಗದದ ಚೀಲವಿರುವ, ಸಂದು ಬಿಡದ, ನಿಜವಾದ ಹೆಪಾ ಇರುವ, ಮೂರು ಬಗೆಯ ಮೂತಿಯಿರುವ ಒಂದು ಸಣ್ಣ ಉರುಳು ಯಂತ್ರ ಉಳಿಯಿತು. ಚೀಲವನ್ನು ಆಗಾಗ ಕೊಳ್ಳಬೇಕು, ಅದೊಂದು ಖರ್ಚು. ನನ್ನ ಎರಡು ವಾರದ ಫೆಲೋಶಿಪ್ ಹಣ ಮುಗಿಯಿತು.

ಆದರೆ ಯಂತ್ರ ಮನೆಗೆ ಬರುವ ಮೊದಲೇ ಮಾಡಬೇಕಾದ ಕೆಲಸ ಬೇರೆ ಇತ್ತು. ರ್‍ಯಾಕು ಇಳಿಸಿದೆ. ಎರಡು ಭಾನುವಾರ ಹಿಡಿಯಿತು. ಮೂಗಿಗೆ ಮಾಸ್ಕ್ ಹಾಕಿಕೊಂಡು ಒಂದೊಂದೇ ಸಂಪುಟ ಒರೆಸಿ, ನಡುಮನೆಯಲ್ಲಿ ಗಾಜಿನ ಬಾಗಿಲಿನ ಬೀರುವಿಗೆ ಸೇರಿಸಿದೆ. ಅಮ್ಮ ಜಗಲಿಯಲ್ಲಿ ಕೂತು, 'ಅಲ್ಲೇ ಇದ್ರೆ ನಿನಗೆ ಕೈಗೆ ಸಿಗ್ತಿತ್ತು' ಎಂದಳು. ಡಾಕ್ಟರ ಮುಂದೆ ನನ್ನ ಪುಸ್ತಕಗಳನ್ನು ಯಾಕೆ ಮುಚ್ಚಿಟ್ಟೆ ಎಂದು ಕೇಳಿದೆ. 'ಹೇಳಿದ್ರೆ ಓದೋದು ನಿಲ್ಲಿಸ್ತಿದ್ಯಾ?' ಎಂದು ತಿರುಗಿ ಕೇಳಿದಳು. ಉತ್ತರ ಅವಳಿಗೆ ಗೊತ್ತಿತ್ತು. ಅಪ್ಪನ ಕಾಲದ ಹತ್ತಿ ಹಾಸಿಗೆ ಹೋಯಿತು. ಹೊಸದಕ್ಕೆ ಜಿಪ್ ಇರುವ, ನುಸಿ ದಾಟಲಾಗದಷ್ಟು ಬಿಗಿ ನೇಯ್ಗೆಯ ಗವಸು ಹಾಕಿದೆವು. ಹೊದಿಕೆ, ದಿಂಬಿನ ಚೀಲ ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ನೆನೆಯುತ್ತವೆ. ಬದುಕಿರುವ ನುಸಿ ಕಾಲಿನಿಂದ ಬಟ್ಟೆಯನ್ನು ಗಟ್ಟಿಯಾಗಿ ಹಿಡಿದಿರುತ್ತದೆ, ಯಂತ್ರದ ಎಳೆತಕ್ಕೂ ಪೂರ್ತಿ ಬರುವುದಿಲ್ಲ. ಬಿಸಿನೀರಿಗೆ ಸಾಯುತ್ತದೆ.

ಈಗ ನಮ್ಮ ಮನೆಯ ಪದ್ಧತಿ ಹೀಗಿದೆ. ಹುಲ್ಲಿನ ಪೊರಕೆ ಒಳಗೆ ಬರುವುದಿಲ್ಲ. ರೆಡ್ ಆಕ್ಸೈಡ್ ನೆಲಕ್ಕೆ ಯಂತ್ರದ ಅಗತ್ಯವೂ ಅಷ್ಟಾಗಿ ಇಲ್ಲ. ಅಕ್ಕ ಒದ್ದೆ ಬಟ್ಟೆಯ ಕೋಲಿನಲ್ಲಿ ನೇರವಾಗಿ ಒರೆಸುತ್ತಾರೆ, ಧೂಳು ಏಳುವುದೇ ಇಲ್ಲ. ಅವರ ಸಂಬಳ ಹಾಗೇ ಇದೆ. ಹೊರಗಿನ ಅಂಗಳಕ್ಕೆ ತೆಂಗಿನ ಕಡ್ಡಿಯ ಪೊರಕೆ, ನೀರು ಚಿಮುಕಿಸಿ. ಯಂತ್ರ ಶನಿವಾರ ಬೆಳಿಗ್ಗೆ ಹೊರಗೆ ಬರುತ್ತದೆ. ಅದನ್ನು ನಡೆಸುವವನು ನಾನು. ಹಾಸಿಗೆ, ಸೋಫಾ, ಕಿಟಕಿಯ ಪರದೆ, ಬೀರುವಿನ ಸಂದು. ಆ ಹೊತ್ತು, ಮತ್ತು ಮುಗಿದ ಮೇಲೆ ಅರ್ಧ ಗಂಟೆ, ಅಮ್ಮ ಮತ್ತು ಅಕ್ಕ ಇಬ್ಬರೂ ಜಗಲಿಯಲ್ಲಿ ಕಾಫಿ ಕುಡಿಯುತ್ತಾರೆ. 'ಬೀರುವಿನ ಕೆಳಗೆ ಬಂದಿಲ್ಲ ನೋಡು' ಎಂದು ಈಗ ಇಬ್ಬರೂ ಒಟ್ಟಿಗೆ ಕೂಗುತ್ತಾರೆ. ಚೀಲ ತುಂಬಿದರೆ ಬಾಯಿ ಮುಚ್ಚಿ ಕಸದ ಗಾಡಿಗೆ ಹಾಕುವವನೂ ನಾನೇ.

ಅಮ್ಮನ ಆಸ್ತಮಾ ಹೋಗಿಲ್ಲ. ಹೋಗುವ ಕಾಯಿಲೆ ಅದಲ್ಲ. ಬೆಳಿಗ್ಗೆ ಊದುವ ಪೀಕ್ ಫ್ಲೋ ಮೀಟರಿನಲ್ಲಿ 220ರ ಹತ್ತಿರ ತಡವರಿಸುತ್ತಿದ್ದ ಮುಳ್ಳು ಈಗ 280ರ ಆಸುಪಾಸಿನಲ್ಲಿದೆ. ಅದರಲ್ಲಿ ಹೆಚ್ಚಿನ ಪಾಲು ದಿನಾ ತೆಗೆದುಕೊಳ್ಳುವ ಇನ್‌ಹೇಲರಿನದು ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದಾರೆ. ಇನ್‌ಹೇಲರ್ ಸೀರೆಗಳ ಹಿಂದಿನಿಂದ ದೇವರ ಗೂಡಿನ ಪಕ್ಕದ ಮೊಳೆಗೆ ಬಂದಿದೆ. ಊದಿನಕಡ್ಡಿ ಹಚ್ಚುವುದನ್ನು ಅಮ್ಮ ಬಿಟ್ಟಿದ್ದಾಳೆ, ಹೂವು ಒಂದು ಮೊಳ ಹೆಚ್ಚಾಗಿದೆ.

ಅಕ್ಕನಿಗೂ ಒಮ್ಮೆ ತೋರಿಸೋಣ ಎಂದರೆ 'ಪೊರಕೆ ಕೆಮ್ಮಿಗೆ ಯಾರಾದ್ರೂ ಡಾಕ್ಟ್ರ ಹತ್ರ ಹೋಗ್ತಾರಾ' ಎಂದು ನಗುತ್ತಿದ್ದರು. ಹೋದ ತಿಂಗಳು ಅಮ್ಮನ ಜೊತೆ ಬಂದರು. ಅಮ್ಮ ಊದುವ ಮೀಟರನ್ನು ಅವರೂ ಊದಿದರು. ಮುಳ್ಳು ಅಮ್ಮನದಕ್ಕಿಂತ ಕೆಳಗೆ ನಿಂತಿತು. ಚೀಟಿಯಲ್ಲಿ ಅದೇ ಇನ್‌ಹೇಲರಿನ ಹೆಸರು, ಅದರ ಕೆಳಗೆ ಅದೇ ಎರಡು ಸಾಲು. ಮನೆಯಲ್ಲಿ ಧೂಳು ಏಳದಂತೆ ನೋಡಿಕೊಳ್ಳುವುದು. ಅಕ್ಕ ಅದನ್ನು ನನ್ನಿಂದ ಓದಿಸಿಕೊಂಡು, 'ಯಾರ ಮನೇಲಿ?' ಎಂದು ಕೇಳಿದರು.

ಮೊನ್ನೆ ಬಂದು ಹೇಳಿದರು, ಇನ್ನೆರಡು ಮನೆಗಳಲ್ಲಿ ಒದ್ದೆ ಕೋಲು ಕೊಡಿಸಿಕೊಂಡಿದ್ದಾರಂತೆ. ಉಳಿದ ಎರಡು ಮನೆಯವರು ಒಪ್ಪಿಲ್ಲ.

'ಯಾಕಂತೆ?'

'ಪೊರಕೆ ಸದ್ದು ಕೇಳಿಸದೇ ಇದ್ರೆ ಗುಡಿಸಿದ ಹಾಗೇ ಅನ್ಸಲ್ವಂತೆ' ಎಂದರು.